ನಾಲ್ಕು ಗಂಟೆಗೆ ಸಿದ್ದಲಿಂಗಪ್ಪ ಎಲ್ಲಿದ್ದ?

ರಾಜಮ್ಮನ ಊಟದ ಮೇಜು ಮಿಲಿಟರಿಯವರ ವಶಕ್ಕೆ ಹೋಗಿ ಅವತ್ತಿಗೆ ಹನ್ನೊಂದು ದಿನ. ವಡೋದರಾದ ಗೋರ್ವಾ ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ ಇದ್ದದ್ದೇ ಒಂದು ಮೇಜು. ಅದರ ಮೇಲೆ ಬಿಳಿ ಹಾಳೆ ಹಾಸಿ, ನಾಲ್ಕು ಮೂಲೆಗೂ ನಾಲ್ಕು ಉಪ್ಪಿನಕಾಯಿ ಭರಣಿ ಹೇರಿ, ಯಾರೂ ಮುಟ್ಟಬಾರದು ಅಂತ ಅವಳ ಗಂಡ ಸಿದ್ದಲಿಂಗಪ್ಪ ಅಪ್ಪಣೆ ಹೊರಡಿಸಿದ್ದ. ಮುಟ್ಟಬಾರದಂತೆ. ಮೇಜು ಅವಳದು, ಭರಣಿ ಅವಳವು, ಒಳಗಿನ ಮಾವಿನಕಾಯಿ ಹೆಚ್ಚಿದ್ದೂ ಅವಳೇ. ಆದರೆ ಉಣ್ಣುವುದು ಮಾತ್ರ ನೆಲದ ಮೇಲೆ.

ಇದಕ್ಕೆಲ್ಲ ಕಾರಣ ಸಿದ್ದಲಿಂಗಪ್ಪನ ತಮ್ಮನ ಮಗಳು ಚಿನ್ಮಯಿ. ಅವಳಪ್ಪನಿಗೆ ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಕೆಲಸ, ಮನೆ ಅಲ್ಲೇ ಬೋಪಾಲ್ ಅನ್ನುವ ಬಡಾವಣೆಯಲ್ಲಿ. ಹುಡುಗಿ ವಡೋದರಾಕ್ಕೆ ಬಂದು, ಫತೇಗಂಜ್‌ನಲ್ಲಿ ಹಾಸ್ಟೆಲ್ ಹಿಡಿದು ಶಿಲ್ಪಕಲೆ ಓದುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲೇ ಆದ್ದರಿಂದ ಅವಳ ಕನ್ನಡ ನಡೆಯುವುದಕ್ಕಿಂತ ಎಡವುವುದೇ ಹೆಚ್ಚು. "ದೊಡ್ಡಪ್ಪ, ನನಗೆ ಒಂದು ಮಾಡೆಲ್ ಮಾಡೋದು ಇದೆ. ಮಿಲಿಟರಿ ಗಾಡಿ ರಿಪೇರಿ ಮಾಡ್ತಾರೆ ನೆ, ಆ ವರ್ಕ್‌ಶಾಪ್. ನೀವು ಅಲ್ಲೇ ಇದ್ರಿ ನೆ?" ಅಂತ ಕೇಳಿದಳು. ಕೇಳಬಾರದಿತ್ತು. ಇಪ್ಪತ್ತೆರಡು ವರ್ಷ ಸೇನೆಯ ಲಾರಿಗಳ ಹೊಟ್ಟೆಯಡಿ ಮಲಗಿ ಎದ್ದ ಹವಾಲ್ದಾರ್ ಮೆಕ್ಯಾನಿಕ್ ಅವನು. ನಿವೃತ್ತನಾಗಿ ಹದಿಮೂರು ವರ್ಷವಾದರೂ ಕೇಳುವವರು ಒಬ್ಬರೂ ಸಿಕ್ಕಿರಲಿಲ್ಲ. ಮನುಷ್ಯನಿಗೆ ಒಂದೇ ಸಲಕ್ಕೆ ಹತ್ತು ವರ್ಷ ಇಳಿದುಹೋಯಿತು.

ಎಲ್ಲವೂ ನಿಜದ ಮೂವತ್ತೈದರಲ್ಲಿ ಒಂದು ಪಾಲು. ಲಾರಿ ಗೇಣುದ್ದ, ಆಳು ಕಿರುಬೆರಳುದ್ದ, ವರ್ಕ್‌ಶಾಪು ಎರಡು ರೊಟ್ಟಿ ಹಾಸುವಷ್ಟು ಜಾಗ. ಮಾಡೆಲ್ ಮಾಡುವ ಮುಂಚೆ ಪ್ಲಾನ್ ಹಾಕಬೇಕು, ಎಲ್ಲಿ ಯಾವ ಗಾಡಿ, ಎಲ್ಲಿ ಯಾವ ಆಳು ಅಂತ. ಗಾಡಿ ಇನ್ನೂ ತಯಾರಿಲ್ಲದ್ದರಿಂದ ಲಾರಿಗೆ ಬದಲು ಟೂತ್‌ಪೇಸ್ಟಿನ ಖಾಲಿ ಪೆಟ್ಟಿಗೆ, ಜೋಂಗಾ ಜೀಪಿಗೆ ಸೋಪಿನ ಪೆಟ್ಟಿಗೆ ಇಟ್ಟರು. ಆಳುಗಳಿಗೆ ಶೇಂಗಾ ಬೀಜ. ಸಿದ್ದಲಿಂಗಪ್ಪ ತನಗೆ ಅಂತ ಒಂದು ಕೆಂಪಗಿನ, ದಪ್ಪನೆಯ ಬೀಜ ಆರಿಸಿಕೊಂಡಿದ್ದ. ಅದನ್ನು ರಾಜಮ್ಮ ಗಮನಿಸಿದ್ದಳು.

ತೊಂದರೆ ಬಂದದ್ದು ಹನ್ನೊಂದನೆಯ ದಿನ. ಚಿನ್ಮಯಿಯ ಮೇಷ್ಟ್ರು ಪ್ಲಾನ್ ನೋಡಿ, ಒಬ್ಬರ ನೆನಪು ನಂಬಿ ಮಾಡುವುದಲ್ಲ, ಅಲ್ಲೇ ಕೆಲಸ ಮಾಡಿದ ಇನ್ನೊಬ್ಬರು ನೋಡಿ ಸಹಿ ಹಾಕಿದರೆ ಮಾತ್ರ ಒಪ್ಪುತ್ತೇನೆ ಅಂದುಬಿಟ್ಟರಂತೆ. ಸೋಮವಾರ ಕೊನೆಯ ದಿನ. ಆ ವರ್ಕ್‌ಶಾಪಿನಲ್ಲಿ ಇದ್ದು, ಈಗ ಗುಜರಾತಿನಲ್ಲಿರುವ ಇನ್ನೊಬ್ಬ ಮನುಷ್ಯ ಅಂದರೆ ಸೂರತ್ತಿನ ಸುಬೇದಾರ್ ಅಚ್ಯುತರಾಯರು. ಸಿದ್ದಲಿಂಗಪ್ಪನ ಅವತ್ತಿನ ಮೇಲಧಿಕಾರಿ. ಆ ಹೆಸರು ಆ ಮನೆಯಲ್ಲಿ ಒಳ್ಳೆಯ ಮಾತಿನ ಜೊತೆಗೆ ಬಂದದ್ದೇ ಇಲ್ಲ.

ಕಥೆ ಇಷ್ಟು. ರಾಜಮ್ಮ ಇದನ್ನು ಇಪ್ಪತ್ಮೂರು ವರ್ಷದಿಂದ ಕೇಳುತ್ತಾ ಬಂದಿದ್ದಳು, ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ವರ್ಕ್‌ಶಾಪಿನ ಗೋಡೆಗೆ ಒಂದು ಹಲಗೆ. ಅದರ ಮೇಲೆ ಇಪ್ಪತ್ತು ಸ್ಪ್ಯಾನರುಗಳ ಆಕಾರ ಬಣ್ಣದಲ್ಲಿ ಬರೆದಿರುತ್ತಾರೆ, ಯಾವ ಸ್ಪ್ಯಾನರು ಎಲ್ಲಿಂದ ತೆಗೆದರೋ ಅಲ್ಲೇ ನೇತುಹಾಕಬೇಕು. ಖಾಲಿ ಆಕಾರ ಕಂಡರೆ ಯಾವುದು ಇಲ್ಲ ಅಂತ ದೂರದಿಂದಲೇ ಗೊತ್ತು. ಹಲಗೆ ತುಂಬುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ. 1980ರ ಒಂದು ದಿನ ಮೂರು ಗಂಟೆಗೆ ಎಣಿಸಿದಾಗ ಇಪ್ಪತ್ತಿತ್ತು, ಐದಕ್ಕೆ ಎಣಿಸಿದರೆ ಹತ್ತೊಂಬತ್ತು. ದೊಡ್ಡ ಸ್ಪ್ಯಾನರು ಮಾಯ. ಹಲಗೆಯ ಹತ್ತಿರ ಕೆಲಸ ಮಾಡುತ್ತಿದ್ದವನು ಸಿದ್ದಲಿಂಗಪ್ಪ ಅಂತ ಅಚ್ಯುತರಾಯರು ವರದಿ ಬರೆದರು. ಅವನೋ, ಮೂರೂವರೆಗೆ ನೀವೇ ನನ್ನನ್ನು ಹೊರಗೆ ಕಳಿಸಿದಿರಿ ಸಾಬ್, ರಸ್ತೆಯಲ್ಲಿ ಕೆಟ್ಟು ನಿಂತ ಜೋಂಗಾ ಸರಿಮಾಡಿ ಐದಕ್ಕೆ ವಾಪಸ್ ಬಂದೆ ಅಂತ ಬಡಿದುಕೊಂಡ. ಗೇಟಿನ ಪುಸ್ತಕದಲ್ಲಿ ಅವನು ಹೊರಗೆ ಹೋದದ್ದು ಬರೆದಿರಲಿಲ್ಲ. ಸಾಕ್ಷಿಗೆ ಅಂತ ಇದ್ದ ಜೋಂಗಾ ಅದರ ಪಾಡಿಗೆ ಅದು ಹೋಗಿಬಿಟ್ಟಿತ್ತು. ಅಚ್ಯುತರಾಯರು, "ಕಳಿಸಿದ ನೆನಪು ನನಗಿಲ್ಲ" ಅಂದರು. ಸಿದ್ದಲಿಂಗಪ್ಪನ ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿ ಬಿತ್ತು. ಕಳ್ಳ ಅಂತ ಬಾಯಿಬಿಟ್ಟು ಯಾರೂ ಅನ್ನಲಿಲ್ಲ, ಆದರೆ ಬಡ್ತಿ ಅಲ್ಲಿಗೇ ನಿಂತಿತು. ಹವಾಲ್ದಾರನಾಗಿಯೇ ಹೊರಬಂದ.

"ಕರೀರಿ ಅವರನ್ನ," ಅಂದಳು ರಾಜಮ್ಮ.

"ತಲೆ ಹೋದರೂ ಕರೆಯಲ್ಲ."

"ಹುಡುಗಿ ಫೇಲ್ ಆಗ್ಲಿ ಹಂಗಾದ್ರೆ."

ಸಿದ್ದಲಿಂಗಪ್ಪ ಒಂದು ದಿನ ಹಲ್ಲು ಕಡಿದುಕೊಂಡು ಓಡಾಡಿದ. ಮರುದಿನ ಬೆಳಿಗ್ಗೆ ಎದ್ದವನ ಮುಖದಲ್ಲಿ ಬೇರೆಯೇ ಕಳೆ. ಪ್ಲಾನಿನಲ್ಲಿ ವರ್ಕ್‌ಶಾಪಿನ ಗೋಡೆಗೆ ಒಂದು ಗಡಿಯಾರ ಇತ್ತು, ಸಮಯ ಇನ್ನೂ ಹಾಕಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಮುಳ್ಳು ಬರೆದ: ನಾಲ್ಕು ಗಂಟೆ. ಹಾಳೆಯ ಮೂಲೆಯಲ್ಲಿ ತಾರೀಖನ್ನೂ ಬರೆದ. ತನ್ನ ಕೆಂಪು ಶೇಂಗಾವನ್ನು ಹಿಂದಿನ ಗೇಟಿನ ಆಚೆ, ಸೋಪಿನ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟ. "ಬರಲಿ. ಬಂದು ಇದಕ್ಕೆ ಸಹಿ ಹಾಕಲಿ, ನೋಡೇ ಬಿಡ್ತೀನಿ," ಅಂದ. ಗಂಡನಿಗೆ ಇಷ್ಟು ಕಿತಾಪತಿ ಬುದ್ಧಿ ಇದೆ ಅಂತ ರಾಜಮ್ಮನಿಗೆ ಅವತ್ತೇ ಗೊತ್ತಾದದ್ದು. ಅವಳಿಗೆ ಒಳಗೊಳಗೇ ಖುಷಿಯಾಯಿತು.

ಭಾನುವಾರ ಬೆಳಗಿನ ರೈಲಿಗೆ ಅಚ್ಯುತರಾಯರು ಬಂದರು. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ, ಮೀಸೆ ಅಳತೆ ಇಟ್ಟು ಕತ್ತರಿಸಿದ ಹಾಗೆ. ಕೈಯಲ್ಲಿ ರೆಕ್ಸಿನ್ ಚೀಲ, ಅದರೊಳಗೆ ಸೂರತ್ತಿನ ನಾನ್‌ಖಟಾಯಿ ಡಬ್ಬ. "ಹೇಗಿದ್ದೀಯ ಮಾರಾಯ?" ಅಂತ ಏನೂ ಆಗಿಲ್ಲದವರ ಹಾಗೆ ಕೇಳಿದರು. "ಇದ್ದೀನಿ ಸಾಬ್," ಅಂತ ಸಿದ್ದಲಿಂಗಪ್ಪ ಕಾಲು ಜೋಡಿಸಿ ನಿಂತುಬಿಟ್ಟ. ರಾಜಮ್ಮನಿಗೆ ಮೈ ಉರಿಯಿತು. ಇಷ್ಟು ವರ್ಷ ಮನೆಯಲ್ಲಿ ಬೈದು ಬೈದು ಗುಡ್ಡೆ ಹಾಕಿದ್ದೇನು, ಎದುರಿಗೆ ಬಂದರೆ ಹೀಗೆ ಅಟೆನ್ಷನ್‌ನಲ್ಲಿ ನಿಲ್ಲುವುದೇನು.

ಆಮೇಲೆ ಎರಡು ಗಂಟೆ ಹೊತ್ತು ಇಬ್ಬರೂ ಹಾಳೆಯ ಮೇಲೆ ಬಗ್ಗಿ ಜಗಳ ಮಾಡಿದರು. ಬೆಂಕಿ ಆರಿಸುವ ಕೆಂಪು ಬಕೆಟ್ಟು ಆರೋ ಎಂಟೋ? ಎಂಟು, ಆದರೆ ಎರಡರಲ್ಲಿ ಮರಳಿನ ಬದಲು ಬೀಡಿ ತುಂಡು ತುಂಬಿತ್ತು ಅಂತ ಸಿದ್ದಲಿಂಗಪ್ಪ. ನನ್ನ ವರ್ಕ್‌ಶಾಪಿನಲ್ಲಿ ಬೀಡಿ ಇರಲೇ ಇಲ್ಲ ಅಂತ ರಾಯರು. ಬ್ಲೋ ಲ್ಯಾಂಪಿನ ಮೇಲೆ ಚಹಾ ಕಾಯಿಸುತ್ತಿದ್ದ ಕೆಟಲ್ ತೋರಿಸಬೇಕು ಅಂತ ಇವನು. ಕೆಲಸದ ಹೊತ್ತಿನಲ್ಲಿ ಚಹಾ ಯಾರೂ ಕುಡಿದಿಲ್ಲ ಅಂತ ಅವರು. "ಸಾಬ್, ನಿಮ್ಮ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕ್ತಿದ್ದವನು ನಾನೇ." ರಾಯರು ಕೆಮ್ಮಿ, ಕೆಟಲ್ ಇರಲಿ ಅಂದರು. ಚಿನ್ಮಯಿ ಎಲ್ಲವನ್ನೂ ಹಾಳೆಯ ಮೇಲೆ ಗುರುತು ಹಾಕಿಕೊಂಡಳು. ನಿಜ ಹೇಳಬೇಕೆಂದರೆ ಇಬ್ಬರಿಗೂ ಆ ಜಗಳ ಹಬ್ಬದೂಟದಷ್ಟು ರುಚಿಸಿತ್ತು. ವಾದದ ಭರದಲ್ಲಿ ಅಚ್ಯುತರಾಯರು ಕೈಗೆ ಸಿಕ್ಕ ಶೇಂಗಾ ಬಾಯಿಗೆ ಹಾಕಿಕೊಂಡು ಅಗಿದೂಬಿಟ್ಟರು.

"ಅಂಕಲ್, ಅದು ವೆಲ್ಡರ್ ಇದ್ದ," ಅಂದಳು ಚಿನ್ಮಯಿ.

ರಾಯರು ವೆಲ್ಡರನನ್ನು ನುಂಗಿ ನೀರು ಕುಡಿದರು. ರಾಜಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋಗಿ ನಕ್ಕು ಬಂದು, ಅವನ ಜಾಗಕ್ಕೆ ಇನ್ನೊಂದು ಬೀಜ ಇಟ್ಟಳು.

ನಗು ನಿಂತದ್ದು ರಾಯರು ಗಡಿಯಾರ ನೋಡಿದಾಗ. ನಾಲ್ಕು ಗಂಟೆ, ಆ ತಾರೀಖು. ಕನ್ನಡಕ ಸರಿಮಾಡಿಕೊಂಡು ಹಿಂದಿನ ಗೇಟಿನ ಆಚೆಗಿದ್ದ ಕೆಂಪು ಶೇಂಗಾ ನೋಡಿದರು.

"ಇದು ಯಾರು?"

"ನಾನು ಸಾಬ್."

ಅಚ್ಯುತರಾಯರು ತೋರುಬೆರಳಿನಿಂದ ಶೇಂಗಾವನ್ನು ತಳ್ಳುತ್ತಾ ಗೇಟಿನ ಒಳಗೆ ತಂದು, ಹಲಗೆಯ ಪಕ್ಕದಲ್ಲಿ ನಿಲ್ಲಿಸಿದರು. ಸಿದ್ದಲಿಂಗಪ್ಪ ಅದನ್ನು ಎತ್ತಿ ಮತ್ತೆ ಹೊರಗಿಟ್ಟ. ರಾಯರು ಮತ್ತೆ ಒಳಗೆ ತಳ್ಳಿದರು. "ದಾಖಲೆಯಲ್ಲಿ ಏನಿದೆಯೋ ಅದಕ್ಕೆ ಸಹಿ ಹಾಕುತ್ತೇನೆ. ಇಲ್ಲದ್ದಕ್ಕೆ ಹಾಕುವುದಿಲ್ಲ," ಅಂದರು. ಎರಡು ಗಂಟೆ ಹೊತ್ತು ಹುಡುಗನ ಹಾಗೆ ಹಾರಾಡಿದ ಸಿದ್ದಲಿಂಗಪ್ಪನ ಮುಖ ಈಗ ಬಾಡಿಹೋಗಿತ್ತು. ರಾಜಮ್ಮನಿಗೆ ಅದನ್ನು ನೋಡಲಾಗಲಿಲ್ಲ. "ಮೊದಲು ಊಟ," ಅಂದಳು.

ನೆಲದ ಮೇಲೆ ಎಲೆ ಹಾಕಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ರಾಯರು ಉಣ್ಣುವ ಮುಂಚೆ ಕನ್ನಡಕ ತೆಗೆದು, ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ರೆಕ್ಸಿನ್ ಚೀಲಕ್ಕೆ ಸೇರಿಸಿ, ಚೀಲವನ್ನು ಕುರ್ಚಿಗೆ ನೇತುಹಾಕಿದ್ದರು. ಅಂಥ ಶಿಸ್ತಿನ ಮನುಷ್ಯ.

ಮೇಜಿನ ಒಂದು ಮೂಲೆಯಲ್ಲಿ ಸ್ಟೀಲ್ ಮುಚ್ಚಳದ ಮೇಲೆ ಚಿನ್ಮಯಿ ಮಾಡಿಟ್ಟ ಇಪ್ಪತ್ತು ಪುಟಾಣಿ ಸ್ಪ್ಯಾನರುಗಳಿದ್ದವು. ಇಷ್ಟು ಸಣ್ಣದಾಗಿ ಮಾಡಲು ಆಗುತ್ತದೋ ಇಲ್ಲವೋ ಅಂತ ನೋಡಲು, ದೊಡ್ಡಪ್ಪನ ಬಿಪಿ ಮಾತ್ರೆಯ ಬೆಳ್ಳಿ ಹಾಳೆ ಕತ್ತರಿಸಿ ಮಾಡಿದ್ದಳು. ದೊಡ್ಡದು ಅಕ್ಕಿಕಾಳಿಗಿಂತ ಒಂಚೂರು ಉದ್ದ. ಗಂಡಸರು ಕೈ ತೊಳೆಯಲು ಎದ್ದು ಹೋದರು, ಚಿನ್ಮಯಿ ಎಲೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ರಾಜಮ್ಮ ಒಬ್ಬಳೇ ಉಳಿದಳು.

ಯಾಕೆ ಮಾಡಿದಳು ಅಂದರೆ, ಹೊಟ್ಟೆ ಉರಿದು ಮಾಡಿದಳು. ಮಾಡದ ತಪ್ಪು ತಲೆಯ ಮೇಲೆ ಬಿದ್ದರೆ ಹೇಗಿರುತ್ತದೆ ಅಂತ ಆ ಮನುಷ್ಯನಿಗೂ ಒಂದು ಗಳಿಗೆ ಗೊತ್ತಾಗಲಿ ಅಂತ. ಬೆರಳ ತುದಿ ನಾಲಗೆಗೆ ತಾಗಿಸಿ, ದೊಡ್ಡ ಸ್ಪ್ಯಾನರಿನ ಮೇಲೆ ಒತ್ತಿದಳು. ಅಂಟಿಕೊಂಡು ಬಂತು. ರೆಕ್ಸಿನ್ ಚೀಲಕ್ಕೆ ಕೈ ಹಾಕಿ, ಕನ್ನಡಕದ ಡಬ್ಬಿ ತೆಗೆದು, ಒಳಗಿನ ನೀಲಿ ಬಟ್ಟೆಯ ಮೇಲೆ ಅದನ್ನು ಮಲಗಿಸಿ ಮುಚ್ಚಿದಳು. ಆಮೇಲೆ ಬೆಳ್ಳುಳ್ಳಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಪಾಪದವಳ ಹಾಗೆ ಮೂಲೆಯಲ್ಲಿ ಕೂತಳು.

ಸಿದ್ದಲಿಂಗಪ್ಪ ಬಂದವನೇ ಅಭ್ಯಾಸಬಲದಿಂದ ಮುಚ್ಚಳದ ಮೇಲೆ ಬಗ್ಗಿ ಎಣಿಸಿದ. ಇನ್ನೊಂದು ಸಲ ಎಣಿಸಿದ.

"ಹತ್ತೊಂಬತ್ತು," ಅಂದ.

ಆಗ ನೋಡಬೇಕಿತ್ತು. ಯಾರೂ ಹೇಳದೆ ಇಬ್ಬರೂ ಮುದುಕರು ಸೈನಿಕರಾಗಿಬಿಟ್ಟರು. ಸಿದ್ದಲಿಂಗಪ್ಪ ಹೋಗಿ ಬಾಗಿಲ ಚಿಲಕ ಹಾಕಿದ. ರಾಯರು ಫ್ಯಾನ್ ಆರಿಸಿದರು. ಯಾರೂ ನಿಂತ ಜಾಗದಿಂದ ಕದಲಬಾರದು, ಮೊದಲು ಕಾಲಡಿ ನೋಡಿಕೊಳ್ಳಬೇಕು. ಚಿನ್ಮಯಿಯ ಜಡೆ ಬಿಚ್ಚಿಸಿದರು. ಭರಣಿಗಳನ್ನು ಎತ್ತಿ ಅಡಿ ನೋಡಿದರು. ರಾಯರು ಮಂಡಿಯೂರಿ ಮೇಜಿನ ಕೆಳಗೆ ನುಗ್ಗಿದರು, ಹಿಂದೆಯೇ ಸಿದ್ದಲಿಂಗಪ್ಪನೂ ನುಗ್ಗಿದ. "ಪೂರ್ವದ ಮೂಲೆ ನೋಡಿದೆಯಾ?" "ನೋಡಿದೆ ಸಾಬ್." ಚಿನ್ಮಯಿ, "ಇನ್ನೊಂದು ಮಾಡ್ತೀನಿ, ಎರಡು ಮಿನಿಟ್ ಕೆಲಸ," ಅಂದಳು. ಇಬ್ಬರೂ ಮೇಜಿನಡಿಯಿಂದ ತಲೆ ಹೊರಗೆ ಹಾಕಿ, ಇವಳೇನು ಹುಚ್ಚಿಯೋ ಅಂತ ಅವಳನ್ನು ನೋಡಿದರು. ಸೂರತ್ತಿನ ರೈಲಿಗೆ ಇನ್ನು ಒಂದು ಗಂಟೆ ಇತ್ತು. ಹಲಗೆ ತುಂಬದೆ ಹೋಗುವ ಯೋಚನೆ ರಾಯರಿಗೆ ಬಂದಂತೆಯೇ ಕಾಣಲಿಲ್ಲ.

"ಕನ್ನಡಕ ಬೇಕು ಮಾರಾಯ, ಏನೂ ಕಾಣುವುದಿಲ್ಲ," ಅಂತ ರಾಯರು ಮೇಲೆದ್ದು, ಚೀಲದಿಂದ ಡಬ್ಬಿ ತೆಗೆದರು. ಮುಚ್ಚಳ ಎತ್ತಿದರು. ಎತ್ತಿದವರು ಹಾಗೇ ನಿಂತರು. ನೀಲಿ ಬಟ್ಟೆಯ ಮೇಲೆ ಸ್ಪ್ಯಾನರು ಮಿಣಕ್ಕೆಂದಿತು. ಸಿದ್ದಲಿಂಗಪ್ಪ ನೋಡಿದ. ಚಿನ್ಮಯಿಯೂ ನೋಡಿದಳು.

"ನಾನು ತೆಗೆದಿಲ್ಲ," ಅಂದರು ರಾಯರು. ಎಪ್ಪತ್ತೊಂದು ವರ್ಷದ ಮನುಷ್ಯನ ಕಿವಿ ಕೆಂಪಗಾಗಿ, ಕತ್ತು ತಗ್ಗಿಹೋಗಿತ್ತು. "ನಿಜವಾಗಿಯೂ ನಾನು ತೆಗೆದಿಲ್ಲ ಸಿದ್ದಲಿಂಗಪ್ಪ. ಇದು ಹೇಗೆ ಬಂತೋ ನನಗೆ ಗೊತ್ತಿಲ್ಲ."

ರಾಜಮ್ಮ ಬೆಳ್ಳುಳ್ಳಿ ಬಿಟ್ಟು ಕತ್ತು ಉದ್ದ ಮಾಡಿದಳು. ಈಗ ಬಂತು ಗಳಿಗೆ. ಅನ್ನಿ, ಈಗ ಅನ್ನಿ. ದಾಖಲೆಯಲ್ಲಿ ಏನಿದೆಯೋ ಅದನ್ನೇ ನಂಬೋದು ಸಾಬ್ ಅನ್ನಿ. ಕಾಲು ಬಂದು ನಡೆದುಕೊಂಡು ಹೋಯಿತಾ ಸಾಬ್ ಅನ್ನಿ. ಇಪ್ಪತ್ಮೂರು ವರ್ಷದ್ದನ್ನು ಬಡ್ಡಿ ಸಮೇತ ಅನ್ನಿ.

"ತೆಗೆದಿಲ್ಲ ಅಂದರೆ ತೆಗೆದಿಲ್ಲ ಸಾಬ್," ಅಂದ ಸಿದ್ದಲಿಂಗಪ್ಪ. "ನಾನು ನಂಬ್ತೀನಿ."

ರಾಜಮ್ಮನಿಗೆ ಬೆಳ್ಳುಳ್ಳಿ ಬುಟ್ಟಿ ಎತ್ತಿ ಗಂಡನ ತಲೆಗೇ ಹಾಕಬೇಕೆನ್ನಿಸಿತು. ಹೆಂಡತಿ ಕಷ್ಟಪಟ್ಟು ಕೈಗೆ ತಂದುಕೊಟ್ಟದ್ದನ್ನು ಹೀಗೆ ನೀರುಪಾಲು ಮಾಡುವ ಗಂಡ ಯಾರಿಗೂ ಬೇಡ.

ಅಚ್ಯುತರಾಯರು ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ಹಾಕಿಕೊಳ್ಳುವುದನ್ನೇ ಮರೆತಿದ್ದರು. ಡಬ್ಬಿಯಿಂದ ಸ್ಪ್ಯಾನರನ್ನು ಉಗುರಿನಲ್ಲಿ ಎತ್ತಿ ಮುಚ್ಚಳದ ಮೇಲೆ, ಉಳಿದ ಹತ್ತೊಂಬತ್ತರ ಜೊತೆಗೆ ಇಟ್ಟರು. ಹಾಳೆಯ ಮೇಲೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಹುಡುಕಿ, ಕೆಂಪು ಶೇಂಗಾವನ್ನು ಹಿಡಿದರು. ಮೆಲ್ಲಗೆ ಗೇಟಿನ ಆಚೆಗೆ ಒಯ್ದು, ಸೋಪಿನ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟರು.

"ಕಳಿಸಿದ್ದು ನಾನೇ," ಅಂದರು. "ಗೇಟಿನ ಪುಸ್ತಕದಲ್ಲಿ ಬರೆಸದೆ ಆಳನ್ನು ಹೊರಗೆ ಕಳಿಸಿದ್ದು ನನ್ನ ತಪ್ಪು. ಒಪ್ಪಿಕೊಂಡರೆ ನನ್ನ ಬಡ್ತಿ ಹೋಗುತ್ತಿತ್ತು. ಹದಿನೈದು ದಿನ ಇತ್ತು ಅದಕ್ಕೆ. ನೆನಪಿಲ್ಲ ಅಂದೆ. ನೆನಪಿಲ್ಲದ ದಿನ ಒಂದೂ ಇಲ್ಲ ಮಾರಾಯ."

ಪೆನ್ನು ತೆಗೆದು ಹಾಳೆಯ ಅಡಿಯಲ್ಲಿ ಸಹಿ ಮಾಡಿದರು. ಸಹಿಯ ಮೇಲೆ ಬರೆದರು: ನಾಲ್ಕು ಗಂಟೆಗೆ ಹವಾಲ್ದಾರ್ ಸಿದ್ದಲಿಂಗಪ್ಪ ನನ್ನ ಆದೇಶದ ಮೇಲೆ ಹೊರಗಿದ್ದರು. ಅಕ್ಷರ ಸೊಟ್ಟಗಾಗಿದ್ದವು. ಚಿನ್ಮಯಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಏನೋ ದೊಡ್ಡದಾಯಿತು ಅಂತ ತಿಳಿಯಿತು.

ರಾಯರನ್ನು ಸ್ಟೇಷನ್ನಿಗೆ ಬಿಡಲು ಚಿನ್ಮಯಿ ಆಟೋ ಹತ್ತಿದಳು. ಹೋಗುವಾಗ ಇಬ್ಬರು ಗಂಡಸರೂ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ಆಟೋ ತಿರುವು ದಾಟಿದ ಮೇಲೆ ರಾಜಮ್ಮನಿಗೆ ತಡೆಯಲಾಗಲಿಲ್ಲ.

"ರೀ. ಅದನ್ನ ಡಬ್ಬಿಯೊಳಗೆ ಇಟ್ಟಿದ್ದು ನಾನು."

"ಗೊತ್ತು."

"ಗೊತ್ತಾ?"

"ಕೈ ತೊಳೆಯೋ ಬೇಸಿನ್ ಮೇಲೆ ಕನ್ನಡಿ ಇದೆ ಕಣೆ. ನೀನು ಬೆರಳು ನೆಕ್ಕಿದ್ದರಿಂದ ಹಿಡಿದು ಎಲ್ಲ ಕಂಡಿತು."

ಅಂದರೆ ಬಾಗಿಲಿಗೆ ಚಿಲಕ ಹಾಕಿದ್ದು, ಹುಡುಗಿಯ ಜಡೆ ಬಿಚ್ಚಿಸಿದ್ದು, ಮೇಜಿನಡಿ ನುಗ್ಗಿದ್ದು, ಎಲ್ಲವೂ ಗೊತ್ತಿದ್ದೇ. ಇಂಥ ಕಳ್ಳನ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿದೆನಲ್ಲ ಅಂತ ಅವಳಿಗೆ ನಗು ಬಂತು. "ಎಲ್ಲ ಗೊತ್ತಿದ್ದೂ ನಂಬ್ತೀನಿ ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿದ್ರಲ್ಲ," ಅಂದಳು.

ಸಿದ್ದಲಿಂಗಪ್ಪ ನಗಲಿಲ್ಲ. ಹಾಳೆಯ ಮೇಲಿನ ಆ ಒಂದು ಸಾಲನ್ನು ನೋಡುತ್ತಾ ನಿಂತಿದ್ದ. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

"ಗೊತ್ತಿದ್ದದ್ದಕ್ಕೇ ಹೇಳೋಕೆ ಕಷ್ಟ ಆಗಲಿಲ್ಲ ರಾಜಿ. ಒಂದೇ ಒಂದು ಮಾತು ತಾನೇ. ಅವರಿಗೂ ಅವತ್ತು ಗೊತ್ತಿತ್ತಲ್ಲ. ಅವರು ಹೇಳಬೇಕಾಗಿದ್ದದ್ದೂ ಇಷ್ಟೇ."